ಎಲ್ಲರೂ ಬಾಳಬಲ್ಲ ನಗರ: ವೈದ್ಯರ ದೃಷ್ಟಿಯಿಂದ ಒಂದು ನೋಟ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಮಾತನ್ನು ಕೇಳಬೇಕಾದೀತೆಂದು ಸಭಿಕರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಇಂದು ನಾವು ಅವುಗಳಾವುದನ್ನೂ ಎತ್ತಿಕೊಂಡಿಲ್ಲ. ನಾವು ಹೇಳಹೊರಟಿರುವುದು ನಗರದ ವಿಷಯ. ಬಡವ-ಬಲ್ಲಿದ, ಹಿರಿಯ-ಕಿರಿಯ, ಹಳಬ-ಹೊಸಬ ಎಂಬ ಭೇದವಿಲ್ಲದೆ ಎಲ್ಲರೂ ಬಾಳಬಲ್ಲ ನಗರ ಹೇಗಿರಬೇಕೆಂಬ ವಿಷಯ. ನಗರ ನಿರ್ಮಾಣವು ಎಂಜಿನಿಯರುಗಳ ಹಾಗೂ ನಗರಸಭೆಯವರ ಹೊಣೆಯಲ್ಲವೇ, ಸ್ಟೆತೊಸ್ಕೋಪು ಹಿಡಿದವರಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜವೇ. ಉತ್ತರವಾಗಿ ಒಂದು ವಾರದ ಕಥೆಯನ್ನು ನಿರೂಪಿಸಬೇಕಾಗಿದೆ. ಕಾಲ 1995ನೆಯ ಇಸವಿಯ ಜುಲೈ ತಿಂಗಳ ನಡುಭಾಗ. ಸ್ಥಳ ಷಿಕಾಗೋ ನಗರ.

ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿಯು ಜುಲೈ ತಿಂಗಳ ಆರಂಭಕ್ಕೆ ಶುರುವಾಗುತ್ತದೆಂಬುದು ಇಲ್ಲಿರುವ ವೈದ್ಯ ಕುಟುಂಬಗಳಿಗೆ ತಿಳಿದದ್ದೇ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದಿದ್ದ ನಾವು ಆ ವರ್ಷ ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಇಂಟರ್ನ್ ಆಗಿ ಸೇರಿ ಎರಡು ವಾರವೂ ತುಂಬಿರಲಿಲ್ಲ. ಹುಟ್ಟಿ ಬೆಳೆದದ್ದು ರಾಯಚೂರಿನ ಬಿಸಿಲಿನಲ್ಲಿ. ಜುಲೈ 13ರಂದು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣತೆ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್, ಮುಟ್ಟಿತೆಂದು ರೇಡಿಯೋದಲ್ಲಿ ಕೇಳಿದಾಗ ನಮಗೆ ಒಳಗೊಳಗೇ ನಗೆ ಬಂದದ್ದುಂಟು. ನಮ್ಮೂರಿನಲ್ಲಿ ಏಪ್ರಿಲ್ ತಿಂಗಳೆಂದರೆ ಇಷ್ಟೇ ತಾನೆ, ಇದಕ್ಕೆ ಇಷ್ಟೊಂದು ಗಲಾಟೆ ಏಕೆ ಎಂದುಕೊಂಡೆವು. ಆ ನಗೆ ಎರಡು ದಿನವೂ ಉಳಿಯಲಿಲ್ಲ.

ಹಗಲಿನ ಬೇಗೆ ರಾತ್ರಿಯಾದರೂ ಇಳಿಯಲಿಲ್ಲ. ವಿದ್ಯುತ್ ಪರಿವರ್ತಕಗಳು ಕೆಟ್ಟು ಸುಮಾರು 49,000 ಮನೆಗಳು ಕತ್ತಲಾದವು. ಬೀದಿಬದಿಯ ಅಗ್ನಿಶಾಮಕ ನಲ್ಲಿಗಳನ್ನು ಜನರು ತೆರೆದು ಮೈ ತಣಿಸಿಕೊಂಡದ್ದರಿಂದ ಕೆಲವು ಕೇರಿಗಳ ಮನೆಗಳಿಗೆ ಕುಡಿಯುವ ನೀರೇ ಏರಲಿಲ್ಲ. 23 ಆಸ್ಪತ್ರೆಗಳು ಒಂದಲ್ಲ ಒಂದು ಹೊತ್ತಿನಲ್ಲಿ ತುರ್ತು ವಿಭಾಗ ತುಂಬಿತೆಂದು ಆಂಬುಲೆನ್ಸುಗಳನ್ನು ಬೇರೆಡೆಗೆ ಕಳುಹಿಸಿದವು. ನಾವು ಕೆಲಸ ಮಾಡುತ್ತಿದ್ದಲ್ಲಿಗೆ ಬಂದ ವೃದ್ಧರೊಬ್ಬರ ಮೈ ಕಾದ ಹಂಚಿನಂತಿತ್ತು. ಹೆಸರೇನು, ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರು, ಎಷ್ಟು ಹೊತ್ತಿನಿಂದ ಪ್ರಜ್ಞೆಯಿಲ್ಲ ಎಂದು ಕೇಳೋಣವೆಂದರೆ ಹೇಳುವವರು ಯಾರೂ ಜೊತೆಯಲ್ಲಿ ಬಂದಿರಲಿಲ್ಲ. ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಹಿಂದೆ ಹತ್ತು ಮಂದಿ ವಾರ್ಡಿಗೆ ನುಗ್ಗುವುದನ್ನು ಕಂಡು ಸಿಡಿಮಿಡಿಗೊಂಡಿದ್ದ ನಮಗೆ, ಆ ಹತ್ತು ಮಂದಿಯ ಬೆಲೆ ಏನೆಂಬುದು ಅಂದು ತಿಳಿಯಿತು.

ಜುಲೈ 14ರಿಂದ 20ರವರೆಗಿನ ಒಂದು ವಾರದಲ್ಲಿ ಆ ನಗರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚಾಗಿ ಸತ್ತರು. 1871ರ ಷಿಕಾಗೋ ಮಹಾ ಅಗ್ನಿದುರಂತದಲ್ಲಿ ಸತ್ತವರು ಸುಮಾರು 300 ಮಂದಿ. ಆ ಬೆಂಕಿಯ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅದರ ಎರಡು ಪಟ್ಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದ ಬೇಗೆಯ ಕಥೆ ಇಲ್ಲಿ ಕುಳಿತಿರುವ ಎಷ್ಟು ಮಂದಿಗೆ ಗೊತ್ತೋ ನಾವು ಅರಿಯೆವು. ಶವಾಗಾರದಲ್ಲಿ ಎಡೆ ಸಾಲದೆ ಶೈತ್ಯೀಕರಿಸಿದ ಲಾರಿಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಬೇಕಾಯಿತು. ಕೊನೆಗೂ ಯಾರೂ ಬಂದು ಕೇಳದಿದ್ದ 41 ಮಂದಿಯ ದೇಹಗಳನ್ನು ಹೋಂವುಡ್ ಎಂಬ ಊರಿನ ಸ್ಮಶಾನದಲ್ಲಿ ಒಂದೇ ಉದ್ದನೆಯ ಗುಂಡಿಯಲ್ಲಿ ಮಣ್ಣುಮಾಡಿದರು.

ಈ ಸಂಖ್ಯೆಯ ಬಗೆಗೆ ಅಂದು ದೊಡ್ಡ ವಾದವೇ ನಡೆಯಿತು. ಬೇಗೆಯಿಂದ ಸತ್ತವರ ಮರಣಪತ್ರದಲ್ಲಿ ಸಾಮಾನ್ಯವಾಗಿ ಬೇಗೆಯ ಹೆಸರಿರುವುದಿಲ್ಲ. ಹೃದಯಾಘಾತವೆಂದೋ ಮೂತ್ರಪಿಂಡದ ವೈಫಲ್ಯವೆಂದೋ ಬರೆದಿರುತ್ತದೆ. ಕುಕ್ ಕೌಂಟಿಯ ಮುಖ್ಯ ಮರಣ ಪರೀಕ್ಷಕರಾಗಿದ್ದ ಡಾ. ಎಡ್ಮಂಡ್ ಡಾನಹ್ಯೂ ಅವರು ದೇಹದ ಉಷ್ಣತೆ, ಕೋಣೆಯ ಉಷ್ಣತೆ, ಕೊನೆಯ ಸಲ ಜೀವಂತವಾಗಿ ಕಂಡ ಹೊತ್ತು ಇವುಗಳನ್ನು ನೋಡಿ ನೂರಾರು ಸಾವುಗಳನ್ನು ಬೇಗೆಯ ಲೆಕ್ಕಕ್ಕೆ ಸೇರಿಸಿದರು. ಮೇಯರ್ ರಿಚರ್ಡ್ ಎಂ. ಡೇಲಿ ಅವರು ಆ ಲೆಕ್ಕವನ್ನು ಬಹಿರಂಗವಾಗಿಯೇ ಸಂದೇಹಿಸಿದರು. ಸಾಮಾನ್ಯ ವರ್ಷಗಳಲ್ಲಿ ಅದೇ ವಾರ ಎಷ್ಟು ಮಂದಿ ಸಾಯುತ್ತಾರೆ, ಈ ವರ್ಷ ಎಷ್ಟು ಮಂದಿ ಸತ್ತರು ಎಂದು ಕಳೆದು ನೋಡಿದಾಗ ವೈದ್ಯರ ಲೆಕ್ಕವು ಹೆಚ್ಚಾಗಿರಲಿಲ್ಲ, ಕಡಿಮೆಯೇ ಆಗಿತ್ತೆಂದು ತಿಳಿಯಿತು. ನಮ್ಮ ರಾಯಚೂರಿನಲ್ಲಿ ಬೇಸಿಗೆಗೆ ಯಾರೂ ಸಾಯುವುದಿಲ್ಲವೆಂದು ನಾವು ನಂಬಿದ್ದೆವಲ್ಲ, ಅದಕ್ಕೂ ಕಾರಣ ಇದೇ. ಅಲ್ಲಿ ಈ ರೀತಿ ಕಳೆದು ನೋಡಿದವರನ್ನು ನಾವು ಕಂಡಿರಲಿಲ್ಲ. ಅಜ್ಜನಿಗೆ ವಯಸ್ಸಾಗಿತ್ತು ಎಂದರೆ ಮುಗಿಯುತ್ತಿತ್ತು.

ಬೇಗೆ ಕೊಲ್ಲುವ ಬಗೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ನಮ್ಮ ದೇಹವು ತನ್ನ ಶಾಖವನ್ನು ಎರಡು ಮುಖ್ಯ ಮಾರ್ಗಗಳಲ್ಲಿ ಹೊರಹಾಕುತ್ತದೆ. ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಹರಿಸುವುದು ಒಂದು, ಬೆವರನ್ನು ಆವಿಯಾಗಿಸುವುದು ಇನ್ನೊಂದು. ಗಾಳಿಯಲ್ಲಿ ತೇವಾಂಶ ತುಂಬಿದ್ದರೆ ಬೆವರು ಹರಿದೀತೇ ಹೊರತು ಆರದು. ಆರದ ಬೆವರಿನಿಂದ ತಂಪಿಲ್ಲ. ರಾಯಚೂರಿನ ಒಣ ಬಿಸಿಲಿಗೂ ಅಂದಿನ ಷಿಕಾಗೋದ ಹಸಿ ಬೇಗೆಗೂ ಇದ್ದ ಮೊದಲನೆಯ ಅಂತರ ಇದು. ಚರ್ಮಕ್ಕೆ ರಕ್ತವನ್ನು ದೂಡುವ ಹೃದಯವು ಹಗಲಿರುಳು ದುಡಿದು ದಣಿಯುತ್ತದೆ. ರಾತ್ರಿ ತಂಪಾದರೆ ಅದಕ್ಕೊಂದು ಬಿಡುವು ದೊರೆತೀತು. ನಮ್ಮ ಕಡೆ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದುದು ಸುಖಕ್ಕಾಗಿ ಮಾತ್ರವಲ್ಲ, ಅದು ಹೃದಯಕ್ಕೆ ಕೊಡುತ್ತಿದ್ದ ವಿಶ್ರಾಂತಿ. ಷಿಕಾಗೋದ ಇಟ್ಟಿಗೆಯ ಕಟ್ಟಡಗಳ ಮೇಲಂತಸ್ತುಗಳಾದರೋ ಹಗಲೆಲ್ಲ ಹೀರಿದ ಶಾಖವನ್ನು ಇರುಳೆಲ್ಲ ಒಳಗೇ ಉಗುಳುತ್ತಿದ್ದವು. ದೇಹದ ಒಳಗಿನ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮಿದುಳು ಮಂಕಾದರೆ ಅದೇ ಹೀಟ್ ಸ್ಟ್ರೋಕ್. ಮಿದುಳು ಮಂಕಾದವನು ತಾನಾಗಿ ಫೋನನ್ನೆತ್ತಿ ನೆರವು ಕೇಳಲಾರನೆಂಬುದನ್ನು ದಯವಿಟ್ಟು ನೆನಪಿಡಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹಾಗಾದರೆ ಸತ್ತವರು ಯಾರು? ನಾಲ್ಕರಲ್ಲಿ ಸುಮಾರು ಮೂರು ಮಂದಿ 65 ವರ್ಷ ದಾಟಿದವರು. ಒಂಟಿಯಾಗಿ ಬಾಳುತ್ತಿದ್ದ ವೃದ್ಧರಲ್ಲಿ ಹೆಂಗಸರೇ ಹೆಚ್ಚು. ಆದರೂ ಬೇಗೆಗೆ ಬಲಿಯಾಗುವ ಸಂಭವವು ಗಂಡಸರಿಗೇ ಹೆಚ್ಚಾಗಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹೆಂಗಸರು ಅಕ್ಕತಂಗಿಯರೊಡನೆ, ನೆರೆಯವರೊಡನೆ, ಚರ್ಚಿನ ಗೆಳತಿಯರೊಡನೆ ಒಡನಾಟವನ್ನು ಉಳಿಸಿಕೊಂಡಿರುತ್ತಾರೆ. ಗಂಡಸರಿಗೆ ನೌಕರಿ ಮುಗಿದೊಡನೆ ಒಡನಾಟವೂ ಮುಗಿಯುತ್ತದೆ. ನಮ್ಮ ಸಭೆಯಲ್ಲಿಯೂ ಕೆಲವರು ಪಕ್ಕದಲ್ಲಿ ಕುಳಿತ ಪತ್ನಿಯ ಮುಖ ನೋಡುತ್ತಿರುವುದು ನಮಗೆ ಕಾಣುತ್ತಿದೆ.

ಮರುವರ್ಷ, 1996ರಲ್ಲಿ, ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ತಜ್ಞರು ತಮ್ಮ ಅಧ್ಯಯನವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತ್ತವರನ್ನೂ, ಅದೇ ನೆರೆಹೊರೆಯಲ್ಲಿ ಬದುಕುಳಿದ ಅದೇ ವಯಸ್ಸಿನವರನ್ನೂ ಹೋಲಿಸಿದ ಅಧ್ಯಯನವದು. ಒಂಟಿಯಾಗಿದ್ದವರಿಗೆ ಅಪಾಯ ಎರಡು ಪಟ್ಟಿಗೂ ಮಿಕ್ಕಿತ್ತು. ದಿನವೂ ಮನೆಯಿಂದ ಹೊರಗೆ ಹೋಗದವರಿಗೆ ಆರು ಪಟ್ಟಿಗೂ ಮಿಕ್ಕಿತ್ತು. ಹೊರಬರದವರಲ್ಲಿ ಹಾಸಿಗೆ ಹಿಡಿದವರೂ ಇದ್ದರೆಂಬುದು ನಿಜ, ಆದ್ದರಿಂದ ಈ ಅಂಕಿಯನ್ನು ತೂಗಿ ನೋಡಬೇಕು. ಆದರೆ ಮನೆಯಲ್ಲಿ ಹವಾನಿಯಂತ್ರಣ ಯಂತ್ರವಿರುವುದು, ಎಲ್ಲಿಗಾದರೂ ಹೋಗಲು ವಾಹನ ದೊರೆಯುವುದು, ಸ್ನೇಹಿತರ ಒಡನಾಟವಿರುವುದು ಇವು ಮೂರೂ ಜೀವ ಉಳಿಸಿದವೆಂಬುದು ಸ್ಪಷ್ಟವಾಯಿತು. ಮೂರರಲ್ಲಿ ಒಂದು ಯಂತ್ರ. ಉಳಿದೆರಡು ನಗರದ ಸಂಗತಿಗಳು.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಇಟ್ಟವರು ಎರಿಕ್ ಕ್ಲೈನನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು. ಷಿಕಾಗೋದಲ್ಲೇ ಹುಟ್ಟಿ ಬೆಳೆದ ಅವರು 2002ರಲ್ಲಿ ಪ್ರಕಟಿಸಿದ 'ಹೀಟ್ ವೇವ್' ಗ್ರಂಥದಲ್ಲಿ ನಗರದ ಪಶ್ಚಿಮ ಭಾಗದ ಎರಡು ಅಕ್ಕಪಕ್ಕದ ಬಡಾವಣೆಗಳನ್ನು ಹೋಲಿಸಿದ್ದಾರೆ. ಒಂದು ನಾರ್ತ್ ಲಾನ್‌ಡೇಲ್, ಮತ್ತೊಂದು ಲಿಟಲ್ ವಿಲೇಜ್ ಎಂದು ಕರೆಯುವ ಸೌತ್ ಲಾನ್‌ಡೇಲ್. ಒಂದೇ ಆಕಾಶ, ಒಂದೇ ಬಿಸಿಲು. ಎರಡರಲ್ಲೂ ಬಡ ವೃದ್ಧರ ಪ್ರಮಾಣ, ಒಂಟಿ ವೃದ್ಧರ ಪ್ರಮಾಣ ಹೆಚ್ಚುಕಡಿಮೆ ಸಮ. ಆದರೆ ಉತ್ತರದ ಬಡಾವಣೆಯಲ್ಲಿ ಲಕ್ಷಕ್ಕೆ 40 ಮಂದಿ ಸತ್ತರೆ ದಕ್ಷಿಣದಲ್ಲಿ ಲಕ್ಷಕ್ಕೆ ನಾಲ್ವರೂ ಸಾಯಲಿಲ್ಲ.

ನಾರ್ತ್ ಲಾನ್‌ಡೇಲ್ ಒಂದು ಕಾಲಕ್ಕೆ ಗಿಜಿಗುಡುತ್ತಿದ್ದ ಬಡಾವಣೆ. ಸಿಯರ್ಸ್ ಕಂಪೆನಿಯ ಮುಖ್ಯ ಕಚೇರಿಯೂ ಅದರ ಬೃಹತ್ ಉಗ್ರಾಣಗಳೂ ಅಲ್ಲಿದ್ದವು. ಸುತ್ತಲಿನ ಕಾರ್ಖಾನೆಗಳು ಸಾವಿರಾರು ಮಂದಿಗೆ ಅನ್ನ ಕೊಡುತ್ತಿದ್ದವು. ಕಪ್ಪು ಜನಾಂಗದ ಕುಟುಂಬಗಳು ಅಲ್ಲಿಗೆ ಬಂದಂತೆ ಬಿಳಿಯರು ಹೊರಟರು. ಬ್ಯಾಂಕುಗಳು ಆ ಪ್ರದೇಶಕ್ಕೆ ಗೃಹಸಾಲ ನೀಡಲೊಲ್ಲದ್ದರಿಂದ ಕಪ್ಪು ಕುಟುಂಬಗಳು ದಲ್ಲಾಳಿಗಳಿಂದ ಕಂತಿನ ಕರಾರಿನ ಮೇಲೆ, ನಿಜವಾದ ಬೆಲೆಗಿಂತ ಬಹಳ ಹೆಚ್ಚು ತೆತ್ತು, ಮನೆ ಕೊಳ್ಳಬೇಕಾಯಿತು. ಒಂದು ಕಂತು ತಪ್ಪಿದರೆ ಮನೆಯೂ ಹೋಗುತ್ತಿತ್ತು, ಕಟ್ಟಿದ ಹಣವೂ ಹೋಗುತ್ತಿತ್ತು. ವಸತಿಯ ಈ ಅನ್ಯಾಯವನ್ನು ಎತ್ತಿ ತೋರಿಸಲೆಂದೇ 1966ರಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು ಆ ಬಡಾವಣೆಯ ಬಾಡಿಗೆಮನೆಯೊಂದರಲ್ಲಿ ಬಿಡಾರ ಹೂಡಿದ್ದರು. 1968ರಲ್ಲಿ ಅವರ ಹತ್ಯೆಯಾದಾಗ ನಡೆದ ದೊಂಬಿಯಲ್ಲಿ ಅಂಗಡಿಬೀದಿ ಉರಿಯಿತು. ಉರಿದದ್ದು ಮತ್ತೆ ಏಳಲಿಲ್ಲ. 1960ರಲ್ಲಿ ಸುಮಾರು 1,25,000 ಇದ್ದ ಜನಸಂಖ್ಯೆ 1990ರ ವೇಳೆಗೆ ಸುಮಾರು 47,000ಕ್ಕೆ ಇಳಿಯಿತು. ಉಳಿದದ್ದು ಖಾಲಿ ನಿವೇಶನಗಳು, ಹಲಗೆ ಬಡಿದ ಮನೆಗಳು, ಬೀದಿಯ ಮೂಲೆಯಲ್ಲಿ ಮಾದಕವಸ್ತುಗಳ ವ್ಯಾಪಾರ. ಅಂಥ ಬೀದಿಯಲ್ಲಿ 80 ವರ್ಷದ ಮುದುಕಿ ಎಲ್ಲಿಗೆ ಹೋಗಬೇಕು? ಏತಕ್ಕೆ ಹೋಗಬೇಕು? ಬಾಗಿಲಿಗೆ ಚಿಲಕ ಹಾಕಿ, ಕಳ್ಳರ ಭಯಕ್ಕೆ ಕಿಟಕಿಯನ್ನೂ ಬಂದ್ ಮಾಡಿ ಒಳಗೆ ಕುಳಿತಳು. ಬಾಗಿಲು ತಟ್ಟಿದ ಸರ್ಕಾರಿ ನೌಕರನನ್ನೂ ನಂಬುವ ಧೈರ್ಯ ಅವಳಿಗಿರಲಿಲ್ಲ.

ಲಿಟಲ್ ವಿಲೇಜಿನ ಜನರೇನೂ ಸಿರಿವಂತರಲ್ಲ. ಹೆಚ್ಚಿನವರು ಮೆಕ್ಸಿಕೋದಿಂದ ಬಂದ ವಲಸೆಗಾರರು. ಆದರೆ ಅಲ್ಲಿನ 26ನೆಯ ಬೀದಿಯನ್ನು ನೋಡಿದವರಿಗೆ ನಮ್ಮ ಊರುಗಳ ಪೇಟೆಬೀದಿಯ ನೆನಪು ಬಾರದಿರದು. ಸಾಲುಸಾಲು ಕಿರಾಣಿ ಅಂಗಡಿಗಳು, ರೊಟ್ಟಿಯ ಅಂಗಡಿಗಳು, ತಳ್ಳುಗಾಡಿಯ ಮೇಲೆ ಹಣ್ಣು ಮಾರುವವರು, ಮಕ್ಕಳ ಕೂಗು. ಬಿಸಿ ತಾಳದ ಮುದುಕರು ತಂಪಾದ ಅಂಗಡಿಯೊಳಗೆ ಹೋಗಿ ಕುಳಿತರು; ಎರಡು ದಿನ ಕಾಣದವರನ್ನು ಅಂಗಡಿಯವರು, ಚರ್ಚಿನವರು ವಿಚಾರಿಸಿದರು. ಇಡೀ ನಗರದಲ್ಲಿ ಲ್ಯಾಟಿನ್ ಅಮೆರಿಕದ ಮೂಲದವರು ಜನಸಂಖ್ಯೆಯ ಸುಮಾರು ಕಾಲುಭಾಗವಿದ್ದರೂ ಬೇಗೆಯಿಂದ ಸತ್ತವರಲ್ಲಿ ಅವರು ಶೇಕಡಾ 2 ಮಾತ್ರ. ಅವರಲ್ಲಿ ವೃದ್ಧರ ಸಂಖ್ಯೆಯೇ ಕಡಿಮೆಯೆಂಬುದು ಇದಕ್ಕೆ ಒಂದು ಕಾರಣ. ಆದರೆ ಅದೇ ಲಿಟಲ್ ವಿಲೇಜಿನಲ್ಲಿ ಹಳೆಯ ಕಾಲದಿಂದ ಉಳಿದಿದ್ದ, ಮಕ್ಕಳೆಲ್ಲ ಉಪನಗರಗಳಿಗೆ ಹೊರಟುಹೋಗಿದ್ದ ಬಿಳಿಯ ವೃದ್ಧರೂ ಇದ್ದರು. ಸ್ಪ್ಯಾನಿಷ್ ಭಾಷೆಯ ಒಂದು ಮಾತೂ ತಿಳಿಯದಿದ್ದ ಅವರನ್ನೂ ಆ ಬೀದಿ ಕಾಪಾಡಿತು. ಹೊರಗಿನಿಂದ ಬಂದವರು ಊರಿಗೆ ಭಾರವೆಂಬ ಮಾತು ಕೇಳಿಬಂದಾಗಲೆಲ್ಲ ನಮಗೆ ಈ ವೃದ್ಧರ ನೆನಪಾಗುತ್ತದೆ.

ಇದನ್ನು ಜನಾಂಗದ ಗುಣವೆಂದು ಬಗೆಯುವುದು ತಪ್ಪು. ನಗರದ ದಕ್ಷಿಣ ಭಾಗದ ಆಬರ್ನ್ ಗ್ರೆಷಂ ಬಡಾವಣೆಯಲ್ಲಿ ಇದ್ದವರೂ ಕಪ್ಪು ಜನಾಂಗದವರೇ. ಅಲ್ಲಿ ಸತ್ತವರು ಲಕ್ಷಕ್ಕೆ ಮೂವರು, ಉತ್ತರ ಭಾಗದ ಅನೇಕ ಶ್ರೀಮಂತ ಬಡಾವಣೆಗಳಿಗಿಂತಲೂ ಕಡಿಮೆ. ಅಲ್ಲಿನ ಅಂಗಡಿಗಳು, ಫುಟ್‌ಪಾತುಗಳು, ಬೀದಿಬೀದಿಯ ನಿವಾಸಿಗಳ ಸಂಘಗಳು ಉಳಿದುಕೊಂಡಿದ್ದವು. ಕ್ಲೈನನ್‌ಬರ್ಗರ ವಾದವನ್ನು ಎಲ್ಲರೂ ಒಪ್ಪಿದರೆಂದಲ್ಲ; ಆದರೆ 2006ರಲ್ಲಿ ಇತರ ಸಮಾಜಶಾಸ್ತ್ರಜ್ಞರು ಬೇರೆ ವಿಧಾನದಿಂದ ಪರಿಶೀಲಿಸಿದಾಗಲೂ ವ್ಯಾಪಾರ ಬೀದಿಗಳು ಹಾಳಾದಲ್ಲಿ ಸಾವು ಹೆಚ್ಚೆಂಬ ಅಂಶ ಕಂಡುಬಂದಿತು.

ಷಿಕಾಗೋ ನಗರ ಪಾಠವನ್ನು ಕಲಿಯಿತೆಂಬುದನ್ನೂ ಹೇಳಬೇಕು. 1999ರ ಜುಲೈ ಕೊನೆಯಲ್ಲಿ ಮತ್ತೆ ಬೇಗೆ ಬಂದಾಗ ನಗರಾಡಳಿತವು ಮುಂಚಿತವಾಗಿ ಎಚ್ಚರಿಸಿತು, ತಂಪು ಕೇಂದ್ರಗಳನ್ನು ತೆರೆದು ಅಲ್ಲಿಗೆ ಬಸ್ಸುಗಳನ್ನು ಓಡಿಸಿತು, ಒಂಟಿ ವೃದ್ಧರ ಮನೆಗಳಿಗೆ ಪೊಲೀಸರನ್ನೂ ನೌಕರರನ್ನೂ ಕಳುಹಿಸಿತು. ಆ ಸಲ ಸತ್ತವರು ಸುಮಾರು 110 ಮಂದಿ. ಬೇಗೆಯೂ ಸ್ವಲ್ಪ ಮೆದುವಾಗಿತ್ತೆನ್ನಿ, ಆದರೂ ಅಂತರ ದೊಡ್ಡದು. ಆ ನಗರದಲ್ಲಿ ಈಗ 311ಕ್ಕೆ ಫೋನು ಮಾಡಿ, ಇಂಥ ವಿಳಾಸದ ವೃದ್ಧರನ್ನು ಒಮ್ಮೆ ನೋಡಿಬನ್ನಿ ಎಂದು ಕೇಳಬಹುದು. ಸಿದ್ಧತೆಯಿಲ್ಲದ ಊರುಗಳು ಬೆಲೆ ತೆತ್ತವು. 2003ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಮಂದಿ ಸತ್ತರು. ನಮ್ಮ ದೇಶದಲ್ಲಿ ಅಹಮದಾಬಾದ್ ನಗರವು 2010ರ ಮೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡ ಮೇಲೆ 2013ರಲ್ಲಿ ಬೇಗೆಯ ಮುಂಜಾಗ್ರತಾ ಯೋಜನೆಯನ್ನು ರೂಪಿಸಿ ಭಾರತದ ಇತರ ನಗರಗಳಿಗೆ ದಾರಿ ತೋರಿಸಿತು.

ಆದರೆ ಎಚ್ಚರಿಕೆ, ಬಸ್ಸು, ಪೊಲೀಸು ಇವೆಲ್ಲ ವರ್ಷಕ್ಕೆ ನಾಲ್ಕು ದಿನದ ಮಾತು. ಉಳಿದ ದಿನಗಳಲ್ಲಿ ವೃದ್ಧರು ಹೊರಗೆ ಬರುವಂತೆ ಊರನ್ನು ಕಟ್ಟುವುದು ಸಣ್ಣ ಸಣ್ಣ ಅಳತೆಗಳ ಕೆಲಸ. ಒಂದು ಉದಾಹರಣೆಯನ್ನು ಮಾತ್ರ ಕೊಡುತ್ತೇವೆ. ರಸ್ತೆ ದಾಟುವವರಿಗೆ ಹಸಿರು ದೀಪ ಎಷ್ಟು ಸೆಕೆಂಡು ಇರಬೇಕೆಂಬುದಕ್ಕೆ ಅಮೆರಿಕದಲ್ಲಿ ಒಂದು ಲೆಕ್ಕವಿದೆ. ಮನುಷ್ಯನು ಸೆಕೆಂಡಿಗೆ 4 ಅಡಿ ನಡೆಯುತ್ತಾನೆಂದು ಬಹುಕಾಲ ಎಣಿಸಿದ್ದರು. 2009ರ ಕೈಪಿಡಿಯಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. ಮಂಡಿ ಸವೆದ ನಮ್ಮ ರೋಗಿಗಳಲ್ಲಿ ಎಷ್ಟೋ ಮಂದಿ 3 ಅಡಿಯನ್ನೂ ನಡೆಯಲಾರರು. 60 ಅಡಿ ಅಗಲದ ರಸ್ತೆಯನ್ನು ದಾಟಲು ಹಳೆಯ ಲೆಕ್ಕದಲ್ಲಿ 15 ಸೆಕೆಂಡು ಸಾಕು. ಅವರಿಗೆ 20 ಬೇಕು. ಆ ಐದು ಸೆಕೆಂಡಿನ ಹೆದರಿಕೆಗೆ ಆಚೆ ಬದಿಯ ಗ್ರಂಥಾಲಯವೂ ಅಂಗಡಿಯೂ ಅವರ ಪಾಲಿಗೆ ಇಲ್ಲವಾಗುತ್ತವೆ. ನಗರವನ್ನು ಯಾರ ಕಾಲಿನ ವೇಗಕ್ಕೆ ಕಟ್ಟಿದ್ದಾರೆಂದು ನೋಡಿದರೆ ಅದು ಯಾರ ನಗರವೆಂದು ತಿಳಿಯುತ್ತದೆ.

ಈಗ ನಮ್ಮ ಮನೆಗಳ ಮಾತು. ನಾವೆಲ್ಲ ದುಡಿದು, ಒಳ್ಳೆಯ ಶಾಲೆಗಳಿರುವ ಉಪನಗರಗಳಲ್ಲಿ ಮನೆ ಮಾಡಿದ್ದೇವೆ. ನಾರ್ತ್ ಲಾನ್‌ಡೇಲಿನ ಕಥೆಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ತಂದೆತಾಯಂದಿರು ಆರು ತಿಂಗಳಿಗೆಂದು ಇಲ್ಲಿಗೆ ಬರುತ್ತಾರೆ. ಚಳಿ ತಡೆಯದೆಂದು ಬೇಸಿಗೆಯಲ್ಲೇ ಬರುತ್ತಾರೆ. ಬೆಳಗ್ಗೆ 8ಕ್ಕೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಿಬಿರಕ್ಕೆ. ಸಂಜೆ 6ರವರೆಗೆ ದೊಡ್ಡ ಮನೆಯಲ್ಲಿ ಅವರಿಬ್ಬರೇ, ಕೆಲವೊಮ್ಮೆ ಒಬ್ಬರೇ. ಹೊರಗೆ ಫುಟ್‌ಪಾತ್ ಇಲ್ಲ, ಬಸ್ಸಿಲ್ಲ, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಅಂಗಡಿಯಿಲ್ಲ. ಕಾರು ನಡೆಸಲು ಬಾರದು. ಅಲ್ಲಿ ದೊಂಬಿಯಿಂದ ಬರಿದಾದ ಬೀದಿ, ಇಲ್ಲಿ ಹುಲ್ಲುಹಾಸಿನಿಂದ ಬರಿದಾದ ಬೀದಿ. ಮಗನಿಗೆ ಬಿಲ್ಲು ಹೆಚ್ಚು ಬಂದೀತೆಂದು ನಾವೆಲ್ಲ ಹೊರಟೊಡನೆ ಹವಾನಿಯಂತ್ರಣವನ್ನು ಆರಿಸಿ ಫ್ಯಾನು ಹಾಕಿಕೊಳ್ಳುವ ತಾಯಂದಿರನ್ನು ನಾವು ಬಲ್ಲೆವು. ಕೋಣೆಯ ಉಷ್ಣತೆ 95 ಡಿಗ್ರಿ ದಾಟಿದ ಮೇಲೆ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಬೀಸುವುದರಿಂದ ಅದೊಂದನ್ನೇ ನಂಬುವಂತಿಲ್ಲ. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆಗಳು ಮೈಯ ನೀರನ್ನು ಕಡಿಮೆ ಮಾಡುತ್ತವೆ. ಮೂತ್ರ ತಡೆಯಲಾರದ ತೊಂದರೆಗೂ ಮನೋರೋಗಕ್ಕೂ ಕೊಡುವ ಕೆಲವು ಮಾತ್ರೆಗಳು ಬೆವರನ್ನು ತಗ್ಗಿಸುತ್ತವೆ. ಊರಿನಿಂದ ತಂದ ಮಾತ್ರೆಗಳ ಚೀಟಿಯನ್ನು ಒಮ್ಮೆ ಇಲ್ಲಿನ ವೈದ್ಯರಿಗೆ ತೋರಿಸಬೇಕು; ತಾವಾಗಿಯೇ ನಿಲ್ಲಿಸಕೂಡದು. ಮಾತು ತೊದಲಿ, ಗೊಂದಲಗೊಂಡು ಮೈ ಸುಡುತ್ತಿದ್ದರೆ ಮೊದಲು 911, ಅನಂತರ ಒದ್ದೆ ಬಟ್ಟೆ ಮತ್ತು ಗಾಳಿ, ಕುತ್ತಿಗೆ ಕಂಕುಳುಗಳಿಗೆ ಮಂಜುಗಡ್ಡೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಕೂಟದ ಪದಾಧಿಕಾರಿಗಳಲ್ಲಿ ನಾವು ಎರಡು ವಿಷಯಗಳನ್ನು ಕೋರಿದ್ದೇವೆ. ಬೇಸಿಗೆಯಲ್ಲಿ ಹಿರಿಯರು ಬಂದಿರುವ ಮನೆಗಳ ದೂರವಾಣಿ ಪಟ್ಟಿಯನ್ನು ಊರುವಾರಾಗಿ ಮಾಡಿ, ಮಧ್ಯಾಹ್ನ 2 ಗಂಟೆಗೆ ಒಬ್ಬ ಹಿರಿಯರು ಇನ್ನೊಬ್ಬರಿಗೆ ಫೋನು ಮಾಡುವಂತೆ ಜೋಡಿಗಳನ್ನು ಗೊತ್ತುಪಡಿಸುವುದು ಒಂದು. ಕನ್ನಡದಲ್ಲಿ ಹರಟೆ ಹೊಡೆಯಲು ಯಾರೂ ಬೇಡವೆನ್ನಲಾರರು. ಪಕ್ಕದ ಮನೆಯ ಅಮೆರಿಕನ್ನರಿಗೂ ನಮ್ಮ ಕಚೇರಿಯ ನಂಬರನ್ನು ಕೊಟ್ಟು, ಅವರ ಮನೆಯಲ್ಲಿ ಒಂಟಿ ಹಿರಿಯರಿದ್ದರೆ ಅವರ ನಂಬರನ್ನು ನಾವು ಪಡೆದಿಟ್ಟುಕೊಳ್ಳುವುದು ಇದರೊಂದಿಗೇ ಸೇರಿದ್ದು. ಎರಡನೆಯದು ತುಸು ನಾಚಿಕೆಯ ಸಂಗತಿ. ಈ ದೇಶದಲ್ಲಿ ಮೂವತ್ತು ವರ್ಷ ತೆರಿಗೆ ಕಟ್ಟಿದ ನಾವು ನಮ್ಮ ಊರಿನ ನಗರಸಭೆಯ ಕೂಟಕ್ಕೆ ಮೊದಲ ಸಲ ಹೋದದ್ದು ಹೋದ ವರ್ಷ. ಇಪ್ಪತ್ತು ಕುರ್ಚಿಗಳ ಸಭಾಂಗಣದಲ್ಲಿ ಐದು ಮಂದಿಯಿದ್ದರು. ಗ್ರಂಥಾಲಯದವರೆಗಿನ ಅರ್ಧ ಮೈಲಿಗೆ ಫುಟ್‌ಪಾತೂ ನಡುವೆ ಎರಡು ಬೆಂಚುಗಳೂ ಬೇಕೆಂದು ಕೇಳಿದೆವು. ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಬರೆದುಕೊಂಡರು. ಒಂದು ಬೆಂಚು ಬಂದಿದೆ. ಫುಟ್‌ಪಾತ್ ಮುಂದಿನ ಆಯವ್ಯಯದ ಚರ್ಚೆಗೆ ಬರಲಿದೆ. ಆ ಸಂಜೆ ಬಿಡುವಿರುವವರು ಜೊತೆಗೆ ಬಂದರೆ ಕಾರಿನಲ್ಲಿ ಇನ್ನೂ ನಾಲ್ವರಿಗೆ ಸ್ಥಳವಿದೆ.